ಆಲೆಮನೆಯಲ್ಲಿ ತೆಗೆದ ಅವ್ವನ ಪಟ

ತಂಗಿ ಸಾವಿತ್ರಿಯ ಹಳೆಯ ಡಬ್ಬಿ ಕ್ಯಾಮೆರಾವನ್ನು ನಾನು ಎಂದೂ ನಂಬಲಿಲ್ಲ. ಜೀವಮಾನದಲ್ಲಿ ಒಂದೇ ಸಲ ಪಟ ತೆಗೆಸಿಕೊಳ್ಳಲು ಒಪ್ಪಿದ ಅವ್ವ ಕಂಪ್ಲಿಯ ಆಲೆಮನೆಯ ಮಬ್ಬಿನಲ್ಲಿ ನಿಂತಾಗಲೂ ನಾನು ಆ ಡಬ್ಬಿ ನೋಡಿ ನಕ್ಕು, ನನ್ನ ಹೊಸ ಪುಟ್ಟ ಕ್ಯಾಮೆರಾ ಹಿಡಿದಿದ್ದೆ. ಸಾವಿತ್ರಿಯೂ ತನ್ನ ಡಬ್ಬಿಯಲ್ಲಿ ಒಂದು ತೆಗೆದಿದ್ದಳು.

ಇಂದು ಸಂಡೂರಿನ ಬಸ್ಸು ಹಿಡಿಯುವ ಮೊದಲು ಹೊಸಪೇಟೆಯ ಸ್ಟುಡಿಯೋದಲ್ಲಿ ಎರಡನ್ನೂ ದೊಡ್ಡದು ಮಾಡಿಸಿ ನೋಡಿದೆವು. ನನ್ನದರಲ್ಲಿ ಅವ್ವನ ಮುಖದ ತುಂಬ ಕಾಳುಕಾಳಾದ ಚುಕ್ಕೆ. ಅವಳದರಲ್ಲಿ ಹಣೆಯ ಬೆವರೂ ಕಾಣುತ್ತಿತ್ತು.

"ಅವ್ವನ ಮ್ಯಾಲೆ ರವಾ ಚೆಲ್ಲೀಯೇನಣ್ಣ?" ಎಂದಳು ಸಾವಿತ್ರಿ. "ನಿನ್ನ ಫಿಲ್ಮು ಹೆಬ್ಬೆರಳಷ್ಟು. ಮಬ್ಬಿನಾಗ ತೆಗೆದದ್ದನ್ನ ಭಾಳ ಹಿಗ್ಗಿಸಿದ್ರ ಕಾಳು ಎದ್ದು ಕಾಣ್ತಾವ. ನಂದು ಅಂಗೈಯಷ್ಟೈತಿ, ಅಷ್ಟು ಹಿಗ್ಗಿಸೋದು ಬ್ಯಾಡ."

ಅವಳ ಪಟವನ್ನು ಅಂಗಡಿಯಲ್ಲಿ ಕಾದು ನಿಂತವರಿಗೆಲ್ಲ ಎತ್ತಿ ತೋರಿಸಿದೆ. "ನನ್ನ ತಂಗಿ ತೆಗೆದದ್ದು ನೋಡ್ರಿ." ಆಮೇಲೆ ಅವಳ ಕಡೆ ತಿರುಗಿ ಹೇಳಿದೆ: "ಅವತ್ತು ನಕ್ಕಿದ್ದು ನಂದು ತಪ್ಪಾತು, ಸಾವಿತ್ರಿ."