ಮೋಡದ ದಿನದ ಕಂಬಳಿ

ನನ್ನ ಚಿಕ್ಕಪ್ಪ ಹುಟ್ಟಿನಿಂದಲೇ ಬೆಳ್ಳಗೆ. ಮೈ, ಕೂದಲು, ರೆಪ್ಪೆ ಎಲ್ಲವೂ. ಚಳ್ಳಕೆರೆಯ ಸಂತೆಯಲ್ಲಿ ಅವರನ್ನು 'ದೊರೆ' ಎಂದೇ ಕರೆಯುತ್ತಿದ್ದರು. ಬಿಸಿಲಿಗೆ ಮೈ ಕೆಂಪಗೆ ಬೇಯುವುದರಿಂದ ಬೇಸಿಗೆಯಲ್ಲಿ ಕುರಿಗಾಹಿಗಳಂತೆ ಕರಿಕಂಬಳಿಯ ಕೊಪ್ಪೆ ಹಾಕಿ, ತಲೆ ಬೆನ್ನು ಮುಚ್ಚಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಎಂ.ಎ. ಓದುತ್ತಿದ್ದಾಗ, ಅವರ ಕಿವಿಯಂಚಿನಲ್ಲಿ ಒಂದು ಹುಣ್ಣಾಯಿತು. ಎಣ್ಣೆ, ಅರಿಸಿನ ಯಾವುದಕ್ಕೂ ಮಾಯಲಿಲ್ಲ. ದಾವಣಗೆರೆಯ ಡಾಕ್ಟರರ ಬಳಿಗೆ ಕರೆದೊಯ್ದೆ. ಅವರು ಒಂದು ಚೂರು ಕೊಯ್ದು ಪರೀಕ್ಷೆಗೆ ಕಳಿಸಿ ನೇರವಾಗಿ ಹೇಳಿದರು: "ಬಿಸಿಲಿಂದ ಬರೋ ಕ್ಯಾನ್ಸರ್ ಅಂತಲೇ ಅನಿಸುತ್ತೆ. ಕತ್ತಿನ ಗಂಟುಗಳಿಗೆ ಇಳಿದಿರದಿದ್ದರೆ ಅಂಚು ತೆಗೆದರೆ ಸಾಕು. ಇಳಿದಿದ್ದರೆ ಕಷ್ಟ."

"ನಾನು ಕಂಬಳಿ ಹೊದಿತೀನಲ್ಲ ಸಾರ್!"

"ಯಾವಾಗ ತೆಗೀತೀರಿ?"

"ಮೋಡ ಇದ್ದಾಗ. ಆಷಾಢದಾಗೆ ಬಿಸಿಲೆಲ್ಲೈತೆ? ಬರೇ ಗಾಳಿ. ಆವಾಗ್ಲೇ ಶೇಂಗಾದ ಕಳೆ ಕೀಳೋದು, ಇಡೀ ದಿನ ಬರೀ ಮೈಯಾಗೆ. ಹೊದ್ರೆ ಪಕ್ಕದ ಹೊಲದೋರು, ಬಿಸಿಲೇ ಇಲ್ಲ, ಗೂಡೊಳಗೇ ಇದೀಯಲ್ಲಲೇ ದೊರೆ ಅಂತ ನಗ್ತಾರೆ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಅವರ ಮಾತನ್ನು ನಾನು ಸರಿಯಾಗಿ ನೆನಪಿಟ್ಟಿದ್ದೇನೋ, ಆಮೇಲೆ ಓದಿದ್ದನ್ನು ಅವರ ಬಾಯಿಗೆ ಹಾಕುತ್ತಿದ್ದೇನೋ ತಿಳಿಯದು. ಕೆಡಿಸುವುದು ಬಿಸಿಲಿನ ಕಾವಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅದು ಮೋಡ ದಾಟಿಯೂ ಇಳಿಯುತ್ತದೆ. ಚರ್ಮದ ಕೋಶದೊಳಗಿನ ಡಿ.ಎನ್.ಎ.ಯನ್ನು ಹರಿಯುತ್ತದೆ, ದೇಹ ಅದನ್ನು ಹೊಲಿದುಕೊಳ್ಳುತ್ತಾ ಬಂದು ಎಲ್ಲೋ ತಪ್ಪಿದರೆ ಆ ಕೋಶ ಅಂಕೆಮೀರಿ ಬೆಳೆಯುತ್ತದೆ. ನಮ್ಮ ಕಪ್ಪು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಚಿಕ್ಕಪ್ಪನಿಗೆ ಆ ಕಪ್ಪಿರಲಿಲ್ಲ.

ರಿಪೋರ್ಟ್ ಬರುವವರೆಗೆ ಊಟದ ನಡುವೆ ಚಿಕ್ಕಪ್ಪನ ಕೈ ತಾನಾಗಿ ಕತ್ತಿಗೆ ಹೋಗಿ ಗಂಟು ಹುಡುಕುತ್ತಿತ್ತು. ಅವ್ವ ಅದನ್ನು ಕಂಡೂ ಕಾಣದಂತೆ ಸಾರು ಬಡಿಸುತ್ತಿದ್ದಳು.

ಕ್ಯಾನ್ಸರೇ ಆಗಿತ್ತು. ಕತ್ತಿಗೆ ಇಳಿದಿರಲಿಲ್ಲ. ಕಿವಿಯಂಚು ಕೊಯ್ದರು. ಎಡಗಿವಿ ಎಂದೇ ನಾನು ಎಷ್ಟೋ ವರ್ಷ ಹೇಳುತ್ತಿದ್ದೆ; ಬಲಗಿವಿ. ಎದುರು ಕೂತು ನೋಡಿದವನಿಗೆ ಅದು ಎಡಕ್ಕಿತ್ತು, ಅಷ್ಟೆ.

ಮುಂದಿನ ಆಷಾಢ. ಮೊಳಕಾಲ್ಮುರು ದಾರಿಯ ನಮ್ಮ ಹೊಲದ ಮೇಲೆ ಮೋಡ ಕವಿದಿತ್ತು. ಚಿಕ್ಕಪ್ಪ ಬದುವಿನ ಮೇಲೆ ಕಂಬಳಿ ಹಿಡಿದು ನಿಂತೇ ಇದ್ದರು. ಪಕ್ಕದ ಹೊಲದಿಂದ ಕೂಗು ಬಂತು: "ಏನಲೇ ದೊರೆ, ಮೋಡಕ್ಕೂ ಹೆದರ್ತೀಯಾ?"

"ಹ್ಞೂಂ ಕಣಲೇ. ಬಿಸಿಲಾದ್ರೆ ಹೇಳಿ ಸುಡ್ತೈತೆ."

ಕೊಪ್ಪೆ ಹಾಕಿಕೊಂಡು ಸಾಲಿಗಿಳಿದರು. ಗಾಳಿ ಅದನ್ನು ಮತ್ತೆ ಮತ್ತೆ ಎತ್ತುತ್ತಿತ್ತು. ಒಂದು ಕೈಯಲ್ಲಿ ಕಂಬಳಿ ಹಿಡಿದು, ಇನ್ನೊಂದರಲ್ಲೇ ಕಳೆ ಕೀಳತೊಡಗಿದರು.