ಬಿಲ್ಲೆ ಬಿದ್ದ ಕುರಿಗಳು

ಉಮಾಶ್ರೀ ಚಂದ್ರಾಬಾಯಿಯನ್ನು ಮೊದಲ ಸಲ ನೋಡಿದ್ದು ತಿಕೋಂಡಿಯ ಆಚೆ, ಜಾಲಿಗಿಡಗಳ ನಡುವಿನ ಒಂದು ಕುರಿದಡ್ಡಿಯಲ್ಲಿ. ಆಗ ಶ್ರಾವಣ. ಮಳೆ ಬಂದ ಹಾಗೆ ಮಾಡಿ ಹೊರಟುಹೋಗಿತ್ತು, ಮೋಡ ಮಾತ್ರ ಇತ್ತು. ಡಾಂಬರು ರಸ್ತೆ ಮುಗಿದಲ್ಲಿ ಸ್ಕೂಟಿ ನಿಲ್ಲಿಸಿ, ಎದೆಗೆ ಫಾರ್ಮಿನ ಕಟ್ಟು ಅವಚಿಕೊಂಡು ಅವಳು ಕಾಲುದಾರಿ ಹಿಡಿದಿದ್ದಳು. ಮಾತು ಕನ್ನಡವಾದರೂ ಮುಂಬೈ ಸರ್ಕಾರಕ್ಕೆ ಸೇರಿದ ಆ ಗಡಿ ತಾಲೂಕಿನ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕೆ ಸೇರಿ ಅವಳಿಗೆ ತಿಂಗಳೂ ತುಂಬಿರಲಿಲ್ಲ. ಹೆಣ್ಣುಮಕ್ಕಳಿಗೆ ಕುರಿ ಹಂಚುವ ಯೋಜನೆಯೊಂದು ಬಂದಿತ್ತು. ಊರೂರು ತಿರುಗಿ ಹೆಸರು ಬರೆದುಕೊಂಡು ಬರುವುದು ಅವಳ ಪಾಲಿನ ಕೆಲಸ. ದರಿಬಡಚಿಯ ಅವಳ ಮನೆಯಲ್ಲಿ ಅವಳಿಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆ ನೌಕರಿ ಕೈ ಬಿಟ್ಟರೆ ಅಪ್ಪನ ಜೊತೆ ಕಬ್ಬು ಕಡಿಯಲು ಹೋಗಬೇಕಾದೀತೆಂಬ ಅಂಜಿಕೆ ಅವಳ ಬೆನ್ನಿಗೇ ಇತ್ತು.

ದಡ್ಡಿ ಕಣ್ಣಿಗೆ ಬೀಳುವ ಮೊದಲೇ ಎರಡು ನಾಯಿಗಳು ಬಂದವು. ಕುತ್ತಿಗೆಗೆ ತೋಳ ಕಚ್ಚದಂತೆ ಕಬ್ಬಿಣದ ಮುಳ್ಳಿನ ಪಟ್ಟಿ. ಉಮಾಶ್ರೀ ಹಿಂದಕ್ಕೆ ಹೆಜ್ಜೆ ಇಟ್ಟಳು.

“ನಿಂತಲ್ಲೇ ನಿಂದ್ರವ್ವ,” ಎಂದು ಗಿಡದ ಮರೆಯಿಂದ ಒಂದು ದನಿ ಬಂತು. “ಓಡಿದ್ರ ಹಿಡಿತಾವ. ನಿಂತ್ರ ಮೂಸಿ ಬಿಡ್ತಾವ.”

ಅವಳು ನಿಂತಳು. ನಾಯಿಗಳು ಅವಳ ಚಪ್ಪಲಿ ಮೂಸಿ, ಫಾರ್ಮಿನ ಕಟ್ಟು ಮೂಸಿ, ಬೇಸರಪಟ್ಟವರಂತೆ ಹಿಂದಕ್ಕೆ ಹೋದವು. ಆಗ ಚಂದ್ರಾಬಾಯಿ ಹೊರಬಂದಳು. ಗಿಡ್ಡ ಆಳು, ಕಚ್ಚೆ ಹಾಕಿದ ಹಸಿರು ಸೀರೆ, ತಲೆಯ ಮೇಲೆ ಮಡಿಸಿಟ್ಟ ಕಂಬಳಿ, ಕಂಕುಳಲ್ಲಿ ಕಾಲು ಉಳುಕಿದ ಒಂದು ಮರಿ. ವಯಸ್ಸು ಅರವತ್ತರ ಆಸುಪಾಸು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳ ಕಣ್ಣು ಉಮಾಶ್ರೀಯ ಮುಖಕ್ಕಿಂತ ಮೊದಲು ಕಾಗದಗಳ ಮೇಲೆ ಹೋಯಿತು.

“ಕಾಗದ ಹಿಡಕೊಂಡು ಬಂದಿ. ಯಾರ ಮ್ಯಾಲ ಕೇಸು?”

“ಕೇಸಲ್ರಿ ಆಯಿ. ಸರ್ಕಾರ ಕುರಿ ಕೊಡತೈತಿ.”

“ನನಗ್ಯಾಕ? ನನ್ನ ಹಂತ್ಯಾಕ ಅದಾವಲ್ಲ.”

ಒಲೆಯ ಮುಂದೆ ಕುಳಿತಿದ್ದ ಸೊಸೆ ಕಾಜಲ್ ಹೊಗೆಯ ನಡುವಿನಿಂದಲೇ ಮಾತು ತೆಗೆದಳು. “ನೀವು ಬ್ಯಾಡಂದ್ರ ಬ್ಯಾರೆದವರು ತಿಂತಾರ, ಅತ್ತಿ. ಹೆಸರು ಹಚ್ಚ್ರಿ ಮೇಡಮ್‌ರ. ಬರ್ರಿ, ಕುಂದ್ರಿ, ಚಾ ಕುಡಿರಿ.”

ಉಮಾಶ್ರೀ ಕಂಬಳಿಯ ಮೇಲೆ ಕುಳಿತು ಹೆಸರು ಬರೆದಳು, ಗಂಡ ತೀರಿಕೊಂಡದ್ದು ಬರೆದಳು. ಮುಂದಿನ ಸಾಲಿನಲ್ಲಿ ಈಗಿರುವ ಕುರಿಗಳ ಸಂಖ್ಯೆ ಬೇಕಿತ್ತು. ಕೇಳಿದಳು. ಚಂದ್ರಾಬಾಯಿ ಕೈಯಲ್ಲಿದ್ದ ಮರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಅದೊಂದು ಕೇಳಬ್ಯಾಡ ತಂಗಿ. ಜೀವಂತ ಕುರಿ ಎಣಿಸಿ ಬಾಯಿಲೆ ಅಂದ್ರ ಕಣ್ಣು ಬೀಳ್ತೈತಿ. ನಮ್ಮ ಮನಿಯವರು ಒಮ್ಮಿ ಸಂತ್ಯಾಗ ದಲಾಲಗ ಲೆಕ್ಕ ಹೇಳಿ ಬಂದ್ರು. ಅದ ಅಮಾಸಿಗೆ ತ್ವಾಳ ಹೊಕ್ಕಿತು.” ಸ್ವಲ್ಪ ತಡೆದು, ಬಂದವಳು ಬರಿಗೈಯಲ್ಲಿ ಹೋಗಬಾರದೆಂಬಂತೆ ಸೇರಿಸಿದಳು: “ಸತ್ತದ್ದು ಬೇಕಾದ್ರ ಕೇಳು, ಹೇಳ್ತೀನಿ. ಸತ್ತದ್ದಕ್ಕ ಇನ್ನೇನಾಗೋದೈತಿ.”

ಉಮಾಶ್ರೀ ಕಣ್ಣಂದಾಜಿನಲ್ಲೇ ಆ ಸಾಲು ತುಂಬಿದಳು. ಎದ್ದು ಹೊರಟಾಗ ಚಂದ್ರಾಬಾಯಿ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ತಂದು ಅವಳ ಹಣೆಗೆ ಒತ್ತಿದಳು. ನಾಯಿಗಳು ರಸ್ತೆಯವರೆಗೂ ಹಿಂದೆಯೇ ಬಂದವು.

ದೀಪಾವಳಿಯಾದ ಮೇಲೆ ಕುರಿ ಹಂಚಿಕೆಯಾಯಿತು. ಕುರಿ ಕೊಂಡು ತಂದು ಕೊಡುವ ಗುತ್ತಿಗೆ ಭೀಮರಾಯ ಎಂಬವನದು. ಮನೆಗೆ ಇಪ್ಪತ್ತು ಕುರಿ ಎಂದು ಬಿಲ್ಲಾಯಿತು, ಹೆಬ್ಬೆಟ್ಟುಗಳು ಬಂದವು, ಕಡತ ಕಪಾಟು ಸೇರಿತು. ಉಮಾಶ್ರೀ ಅದನ್ನು ಮತ್ತೆ ನೆನೆಯಲಿಲ್ಲ.

ನೆನೆಯುವಂತಾದದ್ದು ಮುಂಬೈಯಿಂದ ಶಾಸಕರ ಸಮಿತಿ ಬರುತ್ತದೆಂಬ ಸುದ್ದಿ ಬಂದಾಗ. ಸರ್ಕಾರದ ದುಡ್ಡು ಎಲ್ಲಿಗೆ ಹೋಯಿತು, ಗುತ್ತಿಗೆ ಯಾರಿಗೆ ಹೇಗೆ ಸಿಕ್ಕಿತು, ಯಾರನ್ನು ಯಾವ ನಿಯಮದಂತೆ ಕೆಲಸಕ್ಕೆ ತೆಗೆದುಕೊಂಡರು ಎಂಬುದನ್ನೆಲ್ಲ ವಿಧಾನಮಂಡಲದ ಪರವಾಗಿ ಊರಿಗೇ ಬಂದು ನೋಡುವ ಸಮಿತಿ ಅದು. ಕಚೇರಿಯ ಗೋಡೆಗೆ ಸುಣ್ಣ ಬಿತ್ತು. ವರ್ಷಗಟ್ಟಲೆ ಬೀಗ ಹಾಕಿದ್ದ ಹೆಂಗಸರ ಶೌಚಾಲಯ ತೆರೆಯಿತು. ಸಾಹೇಬರ ಮೇಜಿನ ಮೇಲೆ ಬಿಪಿ ಮಾತ್ರೆಯ ಡಬ್ಬಿ ಕಾಣಿಸಿಕೊಂಡಿತು.

“ಮೊನ್ನಿಯಿಂದ ಸಾಹೇಬ್ರು ನನಗ ಈಶ್ವರರಾವ ಅನ್ನಾಕ ಹತ್ತ್ಯಾರ,” ಎಂದ ಸಿಪಾಯಿ ಈಶ್ವರ, ಚಹಾದ ಕಪ್ಪು ತೊಳೆಯುತ್ತ. “ಅಷ್ಟು ಅಂಜ್ಯಾರ ಅಂದ್ರ ನಾವು ಎಷ್ಟು ಅಂಜಬೇಕು, ಲೆಕ್ಕಾ ಹಾಕ್ರಿ.”

ಉಮಾಶ್ರೀ ನಕ್ಕಳು. ಆ ಮಧ್ಯಾಹ್ನವೇ ಸಾಹೇಬರು ಅವಳನ್ನು ಒಳಗೆ ಕರೆದರು. ಅವರದು ಮರಾಠಿ, ಕನ್ನಡ ಬರುತ್ತಿರಲಿಲ್ಲ. ನಿನ್ನ ನೇಮಕಾತಿಗೆ ಜಾಹೀರಾತು ಕೊಟ್ಟಿದ್ದೆವೇನು ಎಂದು ಮೆಲ್ಲಗೆ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಕೊಟ್ಟಿರಲಿಲ್ಲ, ಸಮಿತಿ ಅದನ್ನೂ ಕೇಳಬಹುದು, ಎಂದರು. ನಾನು ನಿನ್ನನ್ನು ಕಾಪಾಡುತ್ತೇನೆ, ನೀನು ಕಚೇರಿಯನ್ನು ಕಾಪಾಡು. ಸಮಿತಿ ತಿಕೋಂಡಿಗೆ ಹೋಗುತ್ತದೆ, ಅಲ್ಲಿಯ ಹೆಂಗಸರ ಮಾತನ್ನು ಮರಾಠಿಗೆ ತಿರುಗಿಸಿ ಹೇಳುವವಳು ನೀನೇ. ಇಂದು ಸಂಜೆ ಭೀಮರಾಯನ ಜೊತೆ ಹೋಗಿ ತಯಾರಿ ಮಾಡಿಕೊಂಡು ಬಾ, ಎಂದರು.

ಏನು ತಯಾರಿ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಭೀಮರಾಯನ ಜೀಪಿನಲ್ಲಿ ಕುಳಿತಾಗ ಕಾಲಬುಡದಲ್ಲಿ ಒಂದು ಚೀಲ ಸಿಕ್ಕಿತು. ಒಳಗೆ ಕುರಿಯ ಕಿವಿಗೆ ಹಾಕುವ ಹಳದಿ ಪ್ಲಾಸ್ಟಿಕ್ ಬಿಲ್ಲೆಗಳು, ಅವನ್ನು ಚುಚ್ಚುವ ಇಕ್ಕಳ. ಸರ್ಕಾರ ಕೊಟ್ಟ ಕುರಿಗೆ ಅದು ಗುರುತು. ಹಂಚಿಕೆಯ ದಿನವೇ ಬೀಳಬೇಕಾದದ್ದು.

ದಡ್ಡಿಗೆ ತಲುಪಿದಾಗ ಕುರಿಗಳು ಆಗಷ್ಟೇ ಮೇದು ಬಂದಿದ್ದವು. ಭೀಮರಾಯನನ್ನು ನೋಡಿದ್ದೇ ಚಂದ್ರಾಬಾಯಿ ಎದ್ದು ದಡ್ಡಿಯ ಬಾಯಿಗೆ ಅಡ್ಡ ನಿಂತಳು. ಹಂಚಿಕೆಯ ದಿನ ನಡೆದದ್ದೇನೆಂದು ಕಾಜಲ್ ಬಾಯಿಂದ ಉಮಾಶ್ರೀಗೆ ತಿಳಿಯಿತು. ಟೆಂಪೋದಿಂದ ಇಳಿಸಿದ್ದು ಬೆರಳೆಣಿಕೆಯ ಕುರಿ, ಮೂಗು ಸೋರುವ, ಕೆಮ್ಮುವ ಕುರಿ. ಉಳಿದವು ಹಿಂದಿನ ಟೆಂಪೋದಲ್ಲಿ ಬರುತ್ತವೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಹಿಂದಿನ ಟೆಂಪೋ ಬರಲೇ ಇಲ್ಲ. ಬಂದವು ಸತ್ತವು, ಸಾಯುವಾಗ ಮನೆಯ ಕುರಿಗಳಿಗೂ ರೋಗ ಹಚ್ಚಿ ಹೋದವು.

“ಈಗ ಆಗಿದ್ದು ಆತು,” ಎಂದ ಭೀಮರಾಯ, ತನ್ನ ಮನೆಯಂತೆಯೇ ಕಂಬಳಿಯ ಮೇಲೆ ಕುಳಿತು. “ನಿನ್ನ ಕುರಿಗೇ ಬಿಲ್ಲಿ ಹಾಕೂಣು. ಸಮಿತಿ ನೋಡಿ ಹೊಕ್ಕೈತಿ, ಮರುದಿನ ತಗದಬಿಡೂಣು.”

“ನನ್ನ ಕುರಿಗ್ಯಾಕ ಸರ್ಕಾರದ ಬಿಲ್ಲಿ? ನಾಳಿ ಸರ್ಕಾರದ್ದು ಅಂತ ಹೊಡಕೊಂಡು ಹೋದ್ರ?”

“ಹಾಕಲಿಲ್ಲಂದ್ರ? ಇಪ್ಪತ್ತಕ್ಕ ಹೆಬ್ಬಟ್ಟ ಒತ್ತೀದಿ. ಕುರಿ ಎಲ್ಲಿ ಅಂತ ಪೊಲೀಸ್ರು ಕೇಳಿದ್ರ ಮಾರಿ ತಿಂದೀನಿ ಅಂತೀಯೇನು?”

ಚಂದ್ರಾಬಾಯಿ ಉಮಾಶ್ರೀಯ ಮುಖ ನೋಡಿದಳು. ಹೌದೇನು ತಂಗಿ, ಎಂದು ಅವಳ ಕಣ್ಣು ಕೇಳುತ್ತಿತ್ತು. ಉಮಾಶ್ರೀ ನೆಲ ನೋಡಿದಳು. ಇಬ್ಬರ ಅಂಜಿಕೆಯೂ ಬೇರೆ ಬೇರೆ. ಆದರೆ ಇಬ್ಬರ ಕೊರಳನ್ನೂ ಹಿಡಿದಿದ್ದ ಕೈ ಒಂದೇ ಎಂದು ಅವಳಿಗೆ ಆ ಹೊತ್ತಿಗೆ ಗೊತ್ತಾಯಿತು.

“ಅತ್ತಿ, ಹಾಕಸ್ಕೊಂಡ ಬಿಡ್ರಿ,” ಎಂದಳು ಕಾಜಲ್. “ಪೊಲೀಸ್ರು ಬಂದ್ರ ನಿಮ್ಮ ಮಗನ್ನ ಒಯ್ತಾರ.”

ಚಂದ್ರಾಬಾಯಿ ಬದಿಗೆ ಸರಿದಳು. ಚೀಲ ಬರಿದಾಗುವವರೆಗೆ ಇಕ್ಕಳ ಕಟಕ್ ಕಟಕ್ ಎಂದಿತು. ಒಂದೊಂದು ಕುರಿ ಒದರಿದಾಗಲೂ ಅವಳು ಅದರ ಹೆಸರು ಹೇಳಿ ಸಮಾಧಾನ ಮಾಡುತ್ತಿದ್ದಳು: ಕೆಂಚಿ, ಮುರುಗಿವಿ, ಚಿಕ್ಕಿ.

ಹೊರಡುವಾಗ ಉಮಾಶ್ರೀ ಭೀಮರಾಯನಿಗೆ ಹೇಳಿದಳು, “ಅವ್ರು ಕುರಿ ಎಣಿಸಿ ಹೇಳಾಂಗಿಲ್ರಿ. ಇಪ್ಪತ್ತು ಅಂತ ಬಾಯಿಲೆ ಬರೂದಿಲ್ಲ.”

“ಗೊತ್ತೈತಿ ತಗೀ. ಸುಮ್ಮ ನಿಂತ್ರ ಇನ್ನೂ ಚಲೋ. ಬಿಲ್ಲಿ ನಾವು ಎಣಸ್ತೀವಿ, ಹೂಂ ಅಂತ ನೀ ಅನ್ನು,” ಎಂದು ಅವನು ನಕ್ಕ.

ಮರುದಿನ ಬೆಳಿಗ್ಗೆ ತಿಕೋಂಡಿಯ ಆ ಕಾಲುದಾರಿಗೆ ಬಿಳಿ ವಾಹನಗಳ ಸಾಲೇ ಬಂತು. ಸಮಿತಿಯ ಅಧ್ಯಕ್ಷೆ ದಪ್ಪ ಕನ್ನಡಕದ, ಮಂಡಿನೋವಿನ ಹೆಂಗಸು. ಜೀಪಿನಿಂದ ಇಳಿಯಲು ಇಬ್ಬರು ಕೈ ಕೊಡಬೇಕಾಯಿತು. ಸಾಹೇಬರು ಕಡತ ಹಿಡಿದು ಒಂದು ಬದಿಗೆ, ಭೀಮರಾಯ ಇಸ್ತ್ರಿ ಮಾಡಿದ ಅಂಗಿಯಲ್ಲಿ ಇನ್ನೊಂದು ಬದಿಗೆ. ನಡುವೆ ಉಮಾಶ್ರೀ.

ಕುರಿ ಎಷ್ಟು ಸಿಕ್ಕವು ಎಂದು ಅಧ್ಯಕ್ಷೆ ಕೇಳಿದರು. ಉಮಾಶ್ರೀ ಕನ್ನಡದಲ್ಲಿ ಕೇಳಿದಳು. ಚಂದ್ರಾಬಾಯಿ ತುಟಿ ಬಿಗಿದು ನಿಂತಳು. ಸಾಹೇಬರು ಮುಂದೆ ಬಂದು, ಹೆಂಗಸು ಅನಕ್ಷರಸ್ಥೆ, ಅಂಜಿದ್ದಾಳೆ, ಬಿಲ್ಲೆಗಳನ್ನೇ ಎಣಿಸಬಹುದು ಎಂದರು. ಎಣಿಸಿದರು. ಕಡತಕ್ಕೂ ಬಿಲ್ಲೆಗೂ ಸರಿಹೊಂದಿತು. ಭೀಮರಾಯ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

ಅಧ್ಯಕ್ಷೆ ತಿರುಗಿ ಹೊರಟವರು, ಕೈಯಲ್ಲಿದ್ದ ಪ್ರಶ್ನೆಗಳ ಪಟ್ಟಿಯಲ್ಲಿ ಉಳಿದದ್ದು ಒಂದಿತ್ತೆಂದು ನಿಂತರು. ವಿಮೆಯ ಸಲುವಾಗಿ ಎಲ್ಲ ಕಡೆಯೂ ಕೇಳುವ ಪ್ರಶ್ನೆ ಅದು: ಕೊಟ್ಟವುಗಳಲ್ಲಿ ಯಾವುದಾದರೂ ಸತ್ತಿದೆಯೇ?

ಈ ಪ್ರಶ್ನೆಯನ್ನು ಕನ್ನಡಕ್ಕೆ ತಂದರೆ ಏನಾಗುತ್ತದೆಂದು ಅಲ್ಲಿದ್ದವರಲ್ಲಿ ಉಮಾಶ್ರೀಗೆ ಮಾತ್ರ ಗೊತ್ತಿತ್ತು. ತಾರದಿದ್ದರೆ ವಾಹನಗಳು ಹೊರಟುಹೋಗುತ್ತವೆ, ಅವಳ ನೌಕರಿ ಉಳಿಯುತ್ತದೆ, ಕುರಿಗಳು ಕಾಗದದಲ್ಲಿ ಸರ್ಕಾರದ್ದಾಗಿಯೇ ಉಳಿಯುತ್ತವೆ. ಬಿಲ್ಲೆ ತೆಗೆಯಲು ಭೀಮರಾಯ ಮತ್ತೆ ಈ ಕಡೆ ಬರುವುದಿಲ್ಲ. ಬಾಯಿಂದ ಮಾತು ಹೊರಟದ್ದು ಅವಳಿಗೇ ಆಮೇಲೆ ಕೇಳಿಸಿತು.

“ಆಯಿ, ಕೊಟ್ಟ ಕುರ್ಯಾಗ ಸತ್ತದ್ದು ಎಷ್ಟಂತ ಕೇಳಾಕತ್ತಾರರಿ.”

ಚಂದ್ರಾಬಾಯಿ ತಲೆ ಎತ್ತಿದಳು. “ಸತ್ತದ್ದು ಹೇಳಾಕ ಏನೈತಿ. ಆರು. ಟೆಂಪೋದಿಂದ ಇಳದದ್ದು ಆರು, ಸತ್ತದ್ದೂ ಆರು. ಆಮ್ಯಾಲ ನನ್ನವು ಬೂದಿ, ಸಣ್ಣ ಕೆಂಚಿ, ಬೂದಿ ಮರಿ ಎರಡು, ನನ್ನ ಗಂಡನ ಕಾಲದ ಮುದುಕಿ ಒಂದು.” ಅವಳು ಬೆರಳು ಮಡಿಸುತ್ತಲೇ ಇದ್ದಳು.

“ಹುಚ್ಚಿ ಅದಾಳ್ರಿ, ಏನೋ ಬಡಬಡಸ್ತಾಳ,” ಎಂದು ಭೀಮರಾಯ ಮುಂದೆ ಬಂದ. ಅಧ್ಯಕ್ಷೆ ಅವನ ಕಡೆ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಉಮಾಶ್ರೀಯನ್ನು.

ಉಮಾಶ್ರೀ ಮರಾಠಿಯಲ್ಲಿ ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ. ಬೂದಿಯನ್ನೂ ಬಿಡಲಿಲ್ಲ, ಮುದುಕಿಯನ್ನೂ ಬಿಡಲಿಲ್ಲ. ಸಾಹೇಬರ ಕೈಯಲ್ಲಿದ್ದ ಕಡತ ಮುಚ್ಚಿಕೊಂಡಿತು.

ಬಂದವು ಆರೂ ಸತ್ತಿದ್ದರೆ ಈ ಬಿಲ್ಲೆಯವು ಯಾವುವು ಎಂದು ಅಧ್ಯಕ್ಷೆ ಕೇಳಿದರು. ಉಮಾಶ್ರೀ ಅದನ್ನೂ ಚಂದ್ರಾಬಾಯಿಗೆ ಕನ್ನಡದಲ್ಲಿ ಹೇಳಿದಳು.

“ನನ್ನವರಿ. ನಿನ್ನಿ ಸಂಜಿಗೆ ಚುಚ್ಚಿ ಹೋಗ್ಯಾರ. ಗಾಯ ಇನ್ನೂ ಆರಿಲ್ಲ, ಬೇಕಾದ್ರ ನೋಡ್ರಿ.”

ಅಧ್ಯಕ್ಷೆ ಮಂಡಿ ಹಿಡಿದುಕೊಂಡೇ ಬಗ್ಗಿ ಒಂದು ಕುರಿಯ ಕಿವಿ ಮುಟ್ಟಿದರು. ಬೆರಳಿಗೆ ರಕ್ತದ ಹಕ್ಕಳೆ ಅಂಟಿತು. ಇದನ್ನೆಲ್ಲ ಬರೆದುಕೊಳ್ಳಿ ಎಂದು ಜೊತೆಯವರಿಗೆ ಹೇಳಿ, ಮುಂದಿನ ಊರಿನ ಭೇಟಿ ರದ್ದು ಮಾಡಿ ಅಲ್ಲೇ ಕುರ್ಚಿ ಹಾಕಿಸಿದರು.

ಅಲ್ಲಿಗೆ ಅಂಜಿಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ತಿರುಗಿ ಹೋಗುವಾಗ ಜೀಪಿನಲ್ಲಿ ಯಾರೂ ಉಮಾಶ್ರೀಯೊಡನೆ ಮಾತಾಡಲಿಲ್ಲ. ಗುತ್ತಿಗೆಯ ಅವಧಿ ಮುಗಿದಾಗ ಅವಳ ಹೆಸರು ಮುಂದುವರಿಯಲಿಲ್ಲ; ಕಾರಣವೂ ಸರಿಯಾದದ್ದೇ, ಜಾಹೀರಾತಿಲ್ಲದ ನೇಮಕ. ಅಧಿಕಾರಿಗಳನ್ನು ಮುಂಬೈಗೆ ಕರೆಸಿ ಸಮಿತಿಯ ಮುಂದೆ ನಿಲ್ಲಿಸಿ ಕೇಳಿದರೆಂದು ಈಶ್ವರ ಫೋನಿನಲ್ಲಿ ಹೇಳಿದ. “ಸಾಹೇಬ್ರು ನನ್ನ ಮತ್ತ ಈಶ್ವರ್‍ಯಾ ಅನ್ನಾಕ ಹತ್ತ್ಯಾರ. ಅಂಜಿಕಿ ಹೋತೋ ಹೆಚ್ಚಾತೋ ಗೊತ್ತಾಗವಲ್ದು.” ಭೀಮರಾಯ ಒಂದೆರಡು ಸಲ ಮೋಟರ್‌ಸೈಕಲ್ಲಿನಲ್ಲಿ ದಡ್ಡಿಯ ಮುಂದೆ ನಿಧಾನವಾಗಿ ಹಾದುಹೋದ, ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಕಾಜಲ್‌ಗೆ ನಿದ್ದೆ ಕೆಡಿಸಿತು.

ಕಚೇರಿಯಿಂದ ಒಬ್ಬ ಬಂದು ಚಂದ್ರಾಬಾಯಿಗೆ ಆದೇಶ ಓದಿ ಹೇಳಿದ: ವಿಚಾರಣೆ ಮುಗಿಯುವವರೆಗೆ ಬಿಲ್ಲೆಯ ಕುರಿಗಳೇ ಸಾಕ್ಷಿ. ಅವನ್ನು ಮಾರುವ ಹಾಗಿಲ್ಲ, ಬಿಲ್ಲೆ ತೆಗೆಯುವ ಹಾಗಿಲ್ಲ, ರಾಜ್ಯದ ಗಡಿ ದಾಟಿಸುವ ಹಾಗಿಲ್ಲ. ಬೇಸಿಗೆಗೆ ಹಿಂಡು ಹೊಡೆದುಕೊಂಡು ವಿಜಯಪುರದ ಕಡೆ ಇಳಿಯುವುದು ಅವರ ವರ್ಷದ ರೂಢಿ. ಗಡಿ ಇರುವುದು ಎರಡು ಹೊಲದ ಆಚೆ.

“ಅಂದ್ರ ನನ್ನವೋ, ಸರ್ಕಾರದ್ದೋ?” ಎಂದು ಅವಳು ಕೇಳಿದಳಂತೆ.

“ಅದನ್ನ ತೀರ್ಮಾನ ಮಾಡಾಕ ಹತ್ತ್ಯಾರರಿ,” ಎಂದು ಅವನು ಹೇಳಿ ಹೋದನಂತೆ.

ಸಮಿತಿಯ ವರದಿ ಇನ್ನೂ ಸದನದ ಮುಂದೆ ಬಂದಿಲ್ಲ. ಬಿಲ್ಲೆ ಇಲ್ಲದ ಕುರಿಗಳನ್ನು ಹೊಡೆದುಕೊಂಡು ಮಗ ಮತ್ತು ಕಾಜಲ್ ನಾಯಿಗಳೊಡನೆ ಗಡಿಯಾಚೆ ಹೋಗಿದ್ದಾರೆ. ಉಮಾಶ್ರೀ ಶೇಗಾಂವದಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ, ರವಿವಾರ ಬಿಡುವಾದಾಗ ತಿಕೋಂಡಿಗೆ ಹೋಗಿ ಮೇವು ಹೊತ್ತುಕೊಡುತ್ತಾಳೆ. ಚಂದ್ರಾಬಾಯಿ ಈಗ ಊರಿನಲ್ಲೇ ಉಳಿದು, ಹಳದಿ ಬಿಲ್ಲೆಯ ತನ್ನ ಕುರಿಗಳನ್ನು ಒಬ್ಬಳೇ ಮೇಯಿಸುತ್ತಾಳೆ.