ಕೆಂಪಣ್ಣ ಮಾವನ ಐದು ಈಡು

ಇವತ್ತು ಬೆಳಿಗ್ಗೆ ಅಟ್ಟದಿಂದ ನನ್ನ ಕೌಬಾಯ್ ಟೋಪಿ ಇಳಿಸಿ ಕೊಡವಿದೆ ನೋಡಿ, ಸುಟ್ಟ ಮದ್ದಿನ ವಾಸನೆ ಮೂಗಿಗೆ ಅಡರಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಈ ವಯಸ್ಸಿನಲ್ಲೂ ಆ ವೇಷ ಬೇಕಾ ಎಂದಳು. ಬೇಕು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನಿಗೆ ವರ್ಷಕ್ಕೊಂದು ದಿನವಾದರೂ ವೇಷ ಬೇಡವೇ, ನೀವೇ ಹೇಳಿ.

ವಿಷಯ ಇಷ್ಟು. ಕೂಟಗಲ್ ಕಡೆ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಬಂಡೆಗಳ ನಡುವಿನ ತಮ್ಮ ಬೀಳು ಜಮೀನಿನಲ್ಲಿ, ಪೊಲೀಸರ ಅನುಮತಿ ಪಡೆದು, ವರ್ಷಕ್ಕೊಮ್ಮೆ ಹಳೇ ಬಂದೂಕುಗಳ ಸ್ಪರ್ಧೆ ನಡೆಸುತ್ತಾರೆ. ಅಜ್ಜಂದಿರ ಕಾಲದ, ಲೈಸೆನ್ಸ್ ಇರುವ ಬಂದೂಕೇ ಆಗಬೇಕು. ತಲೆಗೆ ಅಗಲ ಅಂಚಿನ ಟೋಪಿ ಕಡ್ಡಾಯ. ಟ್ರಾಕ್ಟರಿನ ಹಳೇ ಡಿಸ್ಕುಗಳನ್ನು ಸಾಲಾಗಿ ನೇತುಹಾಕಿರುತ್ತಾರೆ; ತಗುಲಿದರೆ ಟಣ್ ಎನ್ನುತ್ತದೆ. ಒಬ್ಬೊಬ್ಬರಿಗೆ ಐದು ಈಡು. ಮಾಗಡಿಯ ನಮ್ಮಪ್ಪ ಬಿಟ್ಟುಹೋದ ಬಂದೂಕು ಹಿಡಿದು ನಾನೂ ಹೋಗುತ್ತೇನೆ. ಮೊದಲ ವರ್ಷ ನಾನು ಹೊಡೆದ ಐದರಲ್ಲಿ ನಾಲ್ಕು ಹುತ್ತಕ್ಕೆ ತಗುಲಿದವು. ಐದನೆಯದು ಎಲ್ಲಿಗೆ ಹೋಯಿತೆಂದು ಇವತ್ತಿನವರೆಗೂ ಪತ್ತೆಯಾಗಿಲ್ಲ.

ಆದರೆ ನಾನು ಹೇಳಹೊರಟಿದ್ದು ನನ್ನ ಗುರಿಯ ಬಗ್ಗೆ ಅಲ್ಲ, ಕೋಡಿಹಳ್ಳಿಯ ನನ್ನ ಸೋದರಮಾವ ಕೆಂಪಣ್ಣನವರ ಬಗ್ಗೆ. ಅವರ ಹೊಲ ಕಾಡಂಚಿನಲ್ಲಿದೆ. ರಾಗಿ ತೆನೆ ಕಟ್ಟಿತೆಂದರೆ ಸಂಜೆಗೆ ಆನೆ ಬರುತ್ತದೆ. ನಲವತ್ತು ವರ್ಷದಿಂದ ಅವರು ಹೊಲದ ಬದುವಿನಲ್ಲಿ ನಿಂತು, ಅಪ್ಪನಿಂದ ಬಂದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕಿನಿಂದ ಆಕಾಶಕ್ಕೆ ಈಡು ಹಾರಿಸಿ ಆನೆ ಓಡಿಸಿದವರು. ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಬೇಕಲ್ಲ, ಆ ಒಂದೆರಡು ತಿಂಗಳು ಮಾವ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಅತ್ತೆ ಮಾತ್ರ ನೆಮ್ಮದಿಯಾಗಿರುತ್ತಿದ್ದರು.

ಅತ್ತೆಯ ಭಯಕ್ಕೆ ಕಾರಣವಿತ್ತು. ಮಾವನಿಗೆ ಎಪ್ಪತ್ತು ದಾಟಿತ್ತು, ಕೈ ನಡುಗುತ್ತಿತ್ತು. ಒಮ್ಮೆ ಮದ್ದು ಚೆಲ್ಲಿ ಎಡಹುಬ್ಬು ಸುಟ್ಟುಕೊಂಡರು. ಲೈಸೆನ್ಸ್ ನವೀಕರಣದ ವರ್ಷ ಬಂದಾಗ ಅತ್ತೆ ಖಡಾಖಂಡಿತವಾಗಿ ಹೇಳಿದರಂತೆ, ಈ ಸಲ ಬಂದೂಕನ್ನು ಸರ್ಕಾರಕ್ಕೇ ಬಿಟ್ಟುಕೊಡಿ ಎಂದು. ಮಾವನಿಗೆ ರೋಷ ಬಂತು. ಕೂಟಗಲ್ಲಿನ ಸ್ಪರ್ಧೆಯಲ್ಲಿ ಒಂದೇ ಒಂದು ಡಿಸ್ಕಿಗೆ ಹೊಡೆದು ತೋರಿಸುತ್ತೇನೆ, ಹೊಡೆಯದಿದ್ದರೆ ಮಾರನೇ ದಿನವೇ ಒಪ್ಪಿಸುತ್ತೇನೆ ಎಂದುಬಿಟ್ಟರು. ಅತ್ತೆ ಒಪ್ಪಿದರು. ನಂಬಿಕೆ ಸಾಲದೆ, ಕಣ್ಣಾರೆ ನೋಡಲು ನನ್ನ ಕಾರಿನಲ್ಲೇ ಹೊರಟು ಬಂದರು.

ಟೋಪಿ ಹಾಕಿದ ಮಾವನನ್ನು ನೀವು ನೋಡಬೇಕಿತ್ತು. ಕೆಳಗೆ ಪಟಾಪಟಿ ಚಡ್ಡಿ ಇಣುಕುವ ಪಂಚೆ, ಮೇಲೆ ನಾನು ಕೊಟ್ಟ ಕೌಬಾಯ್ ಟೋಪಿ. ಗಂಭೀರವಾಗಿ ಹೋಗಿ ನಿಂತರು. ಮದ್ದು ಸುರಿದರು, ತೆಂಗಿನ ನಾರಿನ ಉಂಡೆ ತುರುಕಿದರು, ಕಬ್ಬಿಣದ ಕಡ್ಡಿಯಿಂದ ಜಡಿದರು, ಕೇಪು ಇಟ್ಟರು, ಹಾರಿಸಿದರು. ಅಬ್ಬಾ, ಏನು ಸದ್ದು! ಬಂಡೆಯಿಂದ ಬಂಡೆಗೆ ಗುಡುಗು ಉರುಳಿಹೋಯಿತು. ನವಿಲುಗಳು ಕೂಗಿಕೊಂಡವು. ಡಿಸ್ಕು ಮಾತ್ರ ಅಲುಗಲಿಲ್ಲ. ಎರಡನೆಯದೂ ಹಾಗೇ. ಮೂರು, ನಾಲ್ಕು. ಜನ ಪಾಪ ಎನ್ನತೊಡಗಿದರು. ಸುಬೇದಾರರು ನನ್ನ ಕಿವಿಯಲ್ಲಿ, ಹಿರಿಯರ ಕಣ್ಣು ಮಂಜಾಗಿರಬೇಕು ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ತಲೆಯಾಡಿಸಿದೆ. ಮಾವನ ಮುಖ ಸಣ್ಣದಾಗಿಹೋಗಿತ್ತು.

ಆಗ ಹೊಂಗೆ ಮರದ ನೆರಳಿನಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ಮಾವನ ಸೊಂಟದ ಚೀಲಕ್ಕೆ ಕೈ ಹಾಕಿ ತೆಗೆದರು. ಅಂಗೈ ಮೇಲೆ ಸೀಸದ ಗುಂಡುಗಳು, ಐದಕ್ಕೆ ಐದೂ.

ಆನೆ ಓಡಿಸಲು ಸದ್ದು ಸಾಕು, ಗುಂಡು ಬೇಡ. ನಲವತ್ತು ವರ್ಷ ಮದ್ದು, ನಾರು ಅಷ್ಟೇ ತುಂಬಿದ ಕೈ ಅವತ್ತೂ ಅಷ್ಟೇ ತುಂಬಿತ್ತು! ಲೆಕ್ಕದ ಮೇಷ್ಟ್ರು ನಾನು, ಹತ್ತಿರವೇ ನಿಂತಿದ್ದರೂ ಐದು ಗುಂಡಿನಲ್ಲಿ ನಾಲ್ಕು ಕಳೆದು ನೋಡಿರಲಿಲ್ಲ.

ಅತ್ತೆ ಸುಮ್ಮನಿದ್ದಿದ್ದರೆ ಬಂದೂಕು ಮನೆಯಿಂದ ಹೋಗುತ್ತಿತ್ತು. ಅವರಿಗೆ ಬೇಕಾಗಿದ್ದೂ ಅದೇ. ಆದರೂ ಒಂದು ಗುಂಡನ್ನು ಮಾವನ ಕೈಗಿಟ್ಟರು.

"ಸೋತ್ರೆ ಸೋಲಿ. ಹೊಡೀದಂಗೆ ಸೋಲದು ಬ್ಯಾಡ."

ಐದನೇ ಈಡಿಗೆ ಟಣ್ ಎಂದಿತು. ಜನ ಕೇಕೆ ಹಾಕಿದರು. ನಾನಂತೂ ಕುಣಿದೇಬಿಟ್ಟೆ. ಮಾವ ಮಾತ್ರ ಮೆಲ್ಲಗೆ ಡಿಸ್ಕಿನ ಹತ್ತಿರ ನಡೆದುಹೋಗಿ, ಕಬ್ಬಿಣ ತಗ್ಗಾಗಿದ್ದ ಕಡೆ ಬೆರಳಿಟ್ಟು ಬಹಳ ಹೊತ್ತು ನಿಂತರು.

ವಾಪಸ್ ಬರುವಾಗ ಕನಕಪುರ ದಾಟಿದೆವು. ಆಮೇಲೆ ಮಾವ ಹಿಂದಿನ ಸೀಟಿನಲ್ಲಿದ್ದ ಅತ್ತೆಯ ಕಡೆ ತಿರುಗಿ, "ಕೊಟ್ಬುಡನ ಕಣಮ್ಮಿ. ಕಬ್ಣನೇ ಅಂಗ್ ಮಾಡ್ತದಲ್ಲ, ಇನ್ನು ಜೀವಕ್ ತಗುಲುದ್ರೆ?" ಎಂದರು. ಗೆದ್ದ ಮೇಲೆ ಅವರು ಬಂದೂಕು ಕೊಡಲು ಹೊರಟದ್ದು ನನಗೆ ಅರ್ಥವಾಗಲು ಎರಡು ಮೈಲಿ ಬೇಕಾಯಿತು. ಅತ್ತೆ ಒಪ್ಪಲಿಲ್ಲ. ಹೊಲ ಕಾಯುವವರು ಯಾರು, ಬಂದೂಕು ಇರಲಿ, ಮದ್ದು ಮಾತ್ರ ಇನ್ನು ನಾನೇ ತುಂಬುತ್ತೇನೆ ಎಂದರು. ಮುಂದೆ ಅರ್ಜಿ ಹಾಕಿ, ಅಲೆದಾಡಿ, ಲೈಸೆನ್ಸಿಗೆ ತಮ್ಮ ಹೆಸರನ್ನೂ ಸೇರಿಸಿಕೊಂಡರು.

ಇಷ್ಟು ವರ್ಷ ಈ ಕಥೆಯನ್ನು ಮಾವನ ಮರೆವಿನ ಕಥೆಯೆಂದೇ ಹೇಳಿ ನಾಲ್ಕು ಜನರನ್ನು ನಗಿಸಿದ್ದೇನೆ. ಇವತ್ತು ಸ್ಪರ್ಧೆಯ ಫಾರಂ ತುಂಬಿಸಲು ಕೂತು, ಮಾವ ಬರುತ್ತಾರಾ ಎಂದು ಕೇಳೋಣವೆಂದು ಫೋನ್ ಮಾಡಿದೆ. ಅತ್ತೆ ಎತ್ತಿಕೊಂಡರು. ಮಾವನಿಗೆ ಈಗ ಕಾಫಿ ಲೋಟ ಹಿಡಿಯುವುದೂ ಕಷ್ಟವಂತೆ. ಛೆ, ಕೇಳಬಾರದಿತ್ತು ಅನ್ನಿಸಿತು.

"ಬತ್ತೀವಿ ಕಣಪ್ಪ," ಎಂದರು ಅತ್ತೆ. "ಈ ಸಲ ನಾನ್ ಹೊಡೀತೀನಿ. ಅವ್ರು ಪಕ್ಕದಲ್ಲಿ ನಿಂತಿರ್ತಾರೆ. ಗುಂಡು ಹಾಕಿದೀನೋ ಇಲ್ವೋ ನೋಡಕ್ಕೆ ಒಬ್ರು ಬೇಕಲ್ಲ."

ಫಾರಂನಲ್ಲಿ ನನ್ನ ಹೆಸರು ಆಗಲೇ ಬರೆದಾಗಿತ್ತು. ಅದನ್ನು ಹೊಡೆದುಹಾಕಿ, ಅತ್ತೆಯ ಹೆಸರು ಬರೆದೆ.